ಮೂತಿ ಉಜ್ಜಿ ಅಂತ ಮಾತ್ರ ಹೇಳಬೇಡಿ

ಬೆಳಗ್ಗೆ ಐದು ಗಂಟೆಗೆ ಕಾಲಿಗೆ ಒದ್ದೆ ತಗುಲಿ ಎಚ್ಚರವಾಯಿತು. ಲೈಟ್ ಹಾಕಿ ನೋಡಿದರೆ ಹೊದಿಕೆ ಮೇಲೆ ಅಂಗೈ ಅಗಲ ಉಚ್ಚೆ, ನಮ್ಮ ಗಂಡು ಬೆಕ್ಕಿನದು. ಈ ವಾರ ಇದು ನಾಲ್ಕನೇ ಸಲ. ಅವನು ಉಚ್ಚೆ ಮಾಡಬೇಕಾದ ಲಿಟರ್ ಬಾಕ್ಸ್, ಅಂದರೆ ಮರಳಿನಂಥ ಪುಡಿ ತುಂಬಿದ ಡಬ್ಬಿ, ಇರುವುದು ಹತ್ತೇ ಹೆಜ್ಜೆ ಆಚೆ. ಮಲಗುವ ಮುಂಚೆ ನಾನೇ ಕ್ಲೀನ್ ಮಾಡಿಟ್ಟಿದ್ದೆ. ಹೊದಿಕೆ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟೆ. ಅಳು ಬಂತು.

ಆ ನಾತ ಎಂಥದು ಅಂತ ಬೆಕ್ಕು ಸಾಕಿದವರಿಗೇ ಗೊತ್ತು. ಒಗೆದು ಒಣಹಾಕಿದಾಗ ಹೋಯಿತು ಅನ್ನಿಸುತ್ತದೆ. ಸ್ವಲ್ಪ ತೇವ ತಗುಲಿದರೆ ಮತ್ತೆ ಮೂಗಿಗೆ ಅಡರುತ್ತದೆ. ಅದರಲ್ಲಿರುವ ಯೂರಿಕ್ ಆಸಿಡ್ ನೀರಿಗೆ ಸುಲಭವಾಗಿ ಕರಗುವುದಿಲ್ಲ. ಅಮೋನಿಯಾ ಇರುವ ಕ್ಲೀನರ್ ಹಾಕಿದರಂತೂ ಅದೇ ಉಚ್ಚೆ ವಾಸನೆ ಅಂದುಕೊಂಡು ಬೆಕ್ಕು ಅಲ್ಲಿಗೇ ವಾಪಸ್ ಬರುತ್ತದೆ. ಆ ಆಸಿಡ್ ಒಡೆಯುವ ಎಂಜೈಮ್ ಇರುವ ಕ್ಲೀನರ್ ಸುರಿದು, ನೆನೆಯಲು ಬಿಟ್ಟು, ಕಾಯಬೇಕು. ನನ್ನ ಬೆಳಗಿನ ಹೊತ್ತೆಲ್ಲ ಹೀಗೇ ಹೋಗುತ್ತಿದೆ.

ಇದನ್ನಾದರೂ ಸಹಿಸಬಹುದು. ಜನರ ಮಾತು ಸಹಿಸೋಕಾಗುತ್ತಿಲ್ಲ. ಮನೆಗೆ ಬಂದ ನೆಂಟರೊಬ್ಬರು ಮೂಗು ಮುಚ್ಚಿಕೊಂಡೇ ಹೇಳಿದರು: "ಅದು ಬೇಕಂತಲೇ ಮಾಡ್ತಿದೆ. ಮೂತಿ ಹಿಡಿದು ಅದರಲ್ಲೇ ಉಜ್ಜಿ, ಬುದ್ಧಿ ಬರುತ್ತೆ." ಇನ್ನೊಬ್ಬರು ದೂರ ಎಲ್ಲಾದರೂ ಬಿಟ್ಟು ಬನ್ನಿ ಅಂದರು. ಆರು ವರ್ಷ ಮನೆಯೊಳಗೇ ಬೆಳೆದ ಜೀವ ಅದು. ಬಿಟ್ಟು ಬರಬೇಕಂತೆ!

ಬೇಕಂತಲೇ ಮಾಡುತ್ತಿದೆಯಾ? ಕಳೆದ ವಾರ ನಾನು ನೋಡಿದ್ದನ್ನು ಅವರೂ ನೋಡಬೇಕಿತ್ತು. ಅವನು ಬಾಕ್ಸಿನಲ್ಲಿ ಬೆನ್ನು ಬಗ್ಗಿಸಿ ಕೂತೇ ಇದ್ದ. ತುಂಬಾ ಹೊತ್ತು. ಸಣ್ಣಗೆ ಒಂದು ದನಿ ತೆಗೆದ. ಎದ್ದ ಮೇಲೆ ನೋಡಿದರೆ ಎರಡೇ ಹನಿ, ಅದೂ ನಸುಗೆಂಪು. ಆಮೇಲೆ ಮೂಲೆಗೆ ಹೋಗಿ ನೆಕ್ಕಿಕೊಳ್ಳುತ್ತಾ ಕೂತ. ಅವತ್ತೇ ಎತ್ತಿಕೊಂಡು ಡಾಕ್ಟರ್ ಹತ್ತಿರ ಓಡಿದೆ. ಮೂತ್ರಕೋಶ ಊದಿಕೊಂಡಿದೆ, ಹನಿಹನಿಗೂ ಉರಿ ಅಂದರು. ಬಾಕ್ಸಿನಲ್ಲಿ ಕೂತಾಗಲೆಲ್ಲ ನೋವಾದರೆ ಬೆಕ್ಕಿಗೆ ಬಾಕ್ಸ್ ಅಂದರೇನೇ ನೋವು. ಅದಕ್ಕೇ ಮೆತ್ತಗಿರುವ ಜಾಗ ಹುಡುಕುತ್ತದೆ. ಗಂಡು ಬೆಕ್ಕಿಗೆ ಉಚ್ಚೆ ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಅಂಥ ಪ್ರಾಣಿಯ ಮೂತಿ ಉಜ್ಜಬೇಕಾ?

ಅದಕ್ಕೂ ಮುಂಚೆ ಎರಡು ದಿನ ನಾನೂ ಗದರಿದ್ದೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಗದರಿದಾಗ ಮಂಚದ ಕೆಳಗೆ ಸೇರಿಕೊಂಡಿದ್ದ, ಊಟಕ್ಕೂ ಹೊರಗೆ ಬರಲಿಲ್ಲ. ಹೆದರಿಕೆಯಿಂದಲೂ ಈ ಕಾಯಿಲೆ ಜಾಸ್ತಿಯಾಗುತ್ತದೆ. ಇದನ್ನು ಯಾರೂ ಮೊದಲೇ ಹೇಳಲಿಲ್ಲ. ಹೊಡಿ, ಕೂಡಿಹಾಕು, ಬಿಟ್ಟು ಬಾ ಅನ್ನೋಕೆ ಮಾತ್ರ ಎಲ್ಲರಿಗೂ ಬಾಯಿ ಬರುತ್ತದೆ.

ಈಗ ಇನ್ನೊಂದು ಬಾಕ್ಸ್ ಇಟ್ಟಿದ್ದೇನೆ, ಮುಚ್ಚಳ ಇಲ್ಲದ್ದು, ದೊಡ್ಡದು. ಬಾಕ್ಸಿಗೆ ತುಂಬುತ್ತಿದ್ದ ಸೆಂಟ್ ಇರುವ ಲಿಟರ್ ಪುಡಿ ಎಸೆದೆ. ಆ ಪರಿಮಳ ಬೇಕಿದ್ದದ್ದು ನಮ್ಮ ಮೂಗಿಗೆ, ಅವನಿಗಲ್ಲ. ಊಟಕ್ಕೆ ನೀರು ಜಾಸ್ತಿ ಸೇರಿಸುತ್ತಿದ್ದೇನೆ. ಔಷಧಿ ಇನ್ನೂ ಐದು ದಿನ ಇದೆ. ಅಷ್ಟರಲ್ಲಿ ಇನ್ನೆರಡು ಹೊದಿಕೆ ಹಾಳಾದರೂ ಒಗೆಯುತ್ತೇನೆ. ಅವನ ಮೇಲೆ ಕೈ ಎತ್ತಿ ಅಂತ ಹೇಳೋರು ಮಾತ್ರ ಸದ್ಯಕ್ಕೆ ನಮ್ಮ ಮನೆ ಕಡೆ ಬರಬೇಡಿ.