ಧನುಷ್ಕೋಡಿ ಹಾಳಾಗಿದ್ದು ಸುನಾಮಿಯಿಂದ ಅಲ್ಲ

ರಾಮೇಶ್ವರಕ್ಕೆ ಹೊರಟವರ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಾ ಇದೆ. '2004ರ ಸುನಾಮಿಯಲ್ಲಿ ಮುಳುಗಿದ ಊರು ಧನುಷ್ಕೋಡಿ, ಈಗ ಅಲ್ಲಿ ಒಬ್ಬರೂ ಇಲ್ಲ, ಜೀಪ್ ಇಲ್ಲದೆ ಹೋಗೋಕೆ ಆಗಲ್ಲ' ಅಂತ. ಹೋದ ವಾರ ನಾನೂ ಅದನ್ನು ಮೂರು ಗುಂಪಿಗೆ ಕಳಿಸಿದ್ದೆ. ತಪ್ಪಾಯಿತು, ಕ್ಷಮಿಸಿ.

ಊರು ಹಾಳಾಗಿದ್ದು 1964ರ ಡಿಸೆಂಬರ್ 22ರ ರಾತ್ರಿ, ಚಂಡಮಾರುತಕ್ಕೆ. ಅಂದರೆ ಸುನಾಮಿಗಿಂತ 40 ವರ್ಷ ಮೊದಲೇ. ಪಾಂಬನ್ ಕಡೆಯಿಂದ ಬರ್ತಿದ್ದ ಪ್ಯಾಸೆಂಜರ್ ರೈಲು ಕೂಡ ಅಲೆಗೆ ಸಿಕ್ಕಿ ಕೊಚ್ಚಿ ಹೋಯಿತು, ಅದರಲ್ಲಿದ್ದವರು ಉಳಿಯಲಿಲ್ಲ. ಅದಾದ ಮೇಲೆ ಸರ್ಕಾರವೇ ಆ ಜಾಗ ವಾಸಕ್ಕೆ ಯೋಗ್ಯವಲ್ಲ ಅಂತ ಘೋಷಿಸಿತು.

ಒಬ್ಬರೂ ಇಲ್ಲ ಅನ್ನೋದೂ ಸುಳ್ಳು. ನಾನು ಹೋದಾಗ ಹವಳದ ಕಲ್ಲಿನಲ್ಲಿ ಕಟ್ಟಿದ ಹಳೇ ಚರ್ಚಿನ ಗೋಡೆ ಪಕ್ಕದಲ್ಲೇ ಒಬ್ಬ ಅಜ್ಜಿ ಶಂಖ, ಚಿಪ್ಪು ಹರಡಿಕೊಂಡು ಕೂತಿದ್ದರು. ಗೋಡೆ ಮುಟ್ಟಿದರೆ ಕೈಗೆ ಬಿಳಿ ಪುಡಿ ಅಂಟುತ್ತಿತ್ತು. ತೆಂಗಿನ ಗರಿಯ ಗುಡಿಸಲುಗಳಲ್ಲಿ ಮೀನುಗಾರರ ಕುಟುಂಬಗಳು ಈಗಲೂ ಇವೆ, ಅವರ ಬದುಕನ್ನೇ ಇಲ್ಲ ಅಂದುಬಿಡೋದು ಸರಿಯಲ್ಲ ಅಲ್ವಾ?

ಇನ್ನು ಜೀಪು. 2017ರಲ್ಲಿ ಧನುಷ್ಕೋಡಿ ದಾಟಿ ನೆಲದ ತುತ್ತತುದಿಯಾದ ಅರಿಚಲ್ ಮುನೈವರೆಗೆ ಡಾಂಬರು ರಸ್ತೆ ಆಗಿದೆ. ರಾಮೇಶ್ವರದಿಂದ ಸುಮಾರು 20 ಕಿಲೋಮೀಟರ್, ಬಸ್ ಇದೆ, ಕಾರೂ ಹೋಗುತ್ತೆ. ಆದರೆ ಕತ್ತಲಾಗೋ ಮೊದಲೇ ವಾಪಸ್ ಹೊರಡಬೇಕು, ರಾತ್ರಿ ಅಲ್ಲಿ ಉಳಿಯೋಕೆ ಬಿಡಲ್ಲ.

ದಯವಿಟ್ಟು ಆ ಮೆಸೇಜನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.