ಕೂಗೋಕೂ ಪರ್ಮಿಷನ್

ಫಿಲಡೆಲ್ಫಿಯಾದ ಫುಟ್‌ಬಾಲ್ ಹುಚ್ಚರು 2007ರಲ್ಲಿ ಒಂದು ಅಭಿಮಾನಿ ಸಂಘ ಕಟ್ಟಿದರು. ಊರಿನ ಹಿರಿಯ ಬೆಂಜಮಿನ್ ಫ್ರಾಂಕ್ಲಿನ್ ನೆನಪಿಗೆ ಅದಕ್ಕೆ ಸನ್ಸ್ ಆಫ್ ಬೆನ್ ಎಂದು ಹೆಸರಿಟ್ಟರು. ಬಾವುಟ ಬಂತು, ಡ್ರಮ್ ಬಂತು, ಹಾಡು ಬಂತು. ಬರದೇ ಇದ್ದದ್ದು ಒಂದೇ, ತಂಡ. ನಿಮ್ಮೂರಿಗೂ ಒಂದು ತಂಡ ಕೊಡ್ತೀವಿ ಎಂದು ಅಮೆರಿಕದ ಫುಟ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಸಾಕರ್‌ನವರು ಹೇಳಿದ್ದು 2008ರಲ್ಲಿ. ಆ ತಂಡ ಮೈದಾನಕ್ಕಿಳಿದದ್ದು 2010ರಲ್ಲಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದವರನ್ನು ನಾವು ನೋಡಿದ್ದೇವೆ. ಇವರು ಕೂಸಿನ ಶತ್ರುಗಳನ್ನೂ ಮೊದಲೇ ಗೊತ್ತು ಮಾಡಿಟ್ಟಿದ್ದರು. ಬೇರೆಯವರ ಪಂದ್ಯಕ್ಕೆ ಹೋಗಿ ನ್ಯೂಯಾರ್ಕಿನವರನ್ನು ಛೇಡಿಸುತ್ತಿದ್ದರು: ನೀವು ಗೆದ್ದಷ್ಟೇ ಕಪ್ ನಾವೂ ಗೆದ್ದಿದ್ದೇವೆ, ಅದೂ ತಂಡವೇ ಇಲ್ಲದೆ! ಲೆಕ್ಕದಲ್ಲಿ ತಪ್ಪಿರಲಿಲ್ಲ. ಇಬ್ಬರದ್ದೂ ಸೊನ್ನೆ.

ಇದನ್ನು ಹುಚ್ಚು ಅನ್ನಬೇಡಿ. ಅಮೆರಿಕದಲ್ಲಿ ಇದೇ ಸರಿಯಾದ ಕ್ರಮ. ಮೊದಲು ಗದ್ದಲ, ಆಮೇಲೆ ಆಟ.

ಶುರುವಿನಲ್ಲಿ ಹೀಗಿರಲಿಲ್ಲ. 1996ರಲ್ಲಿ ಲೀಗ್ ಆರಂಭವಾದಾಗ, ಜನ ಬರಬೇಕಾದರೆ ಆಟವನ್ನೇ ರಿಪೇರಿ ಮಾಡಬೇಕು ಎಂದುಕೊಂಡಿದ್ದರು. ಗಡಿಯಾರ 45ರಿಂದ ಸೊನ್ನೆಗೆ ಇಳಿಯುತ್ತಿತ್ತು. ಡ್ರಾ ಎನ್ನುವುದೇ ಇರಲಿಲ್ಲ. ಸಮ ಆದರೆ ಆಟಗಾರ 35 ಗಜ ದೂರದಿಂದ ಚೆಂಡು ಓಡಿಸಿಕೊಂಡು ಬಂದು 5 ಸೆಕೆಂಡಿನೊಳಗೆ ಗೋಲ್ ಹೊಡೆಯಬೇಕಿತ್ತು. ನಾಲ್ಕು ಸೀಸನ್ ಇದೇ ಸರ್ಕಸ್ ನಡೆಯಿತು. ಆಮೇಲೆ ಯಾರಿಗೋ ಹೊಳೆಯಿತು, ರಿಪೇರಿ ಮಾಡಬೇಕಾದ್ದು ಆಟವನ್ನಲ್ಲ, ನೋಡುವವರನ್ನು.

ಸಿಯಾಟಲ್ ಸೌಂಡರ್ಸ್ ತಂಡ 2009ರಲ್ಲಿ ಲೀಗಿಗೆ ಬಂತು. ಪಾಲುದಾರರಲ್ಲಿ ಒಬ್ಬರು ಟಿವಿಯ ಹಾಸ್ಯಗಾರ ಡ್ರೂ ಕ್ಯಾರಿ. ಅವರ ಬೇಡಿಕೆ ಎರಡು. ತಂಡದ ಜನರಲ್ ಮ್ಯಾನೇಜರ್ ಇರಬೇಕೋ ಹೋಗಬೇಕೋ ಎಂದು ಅಭಿಮಾನಿಗಳು ಓಟು ಹಾಕಬೇಕು. ಮತ್ತೆ ಒಂದು ಬ್ಯಾಂಡ್‌ಸೆಟ್ ಬೇಕು. ಎರಡೂ ಸಿಕ್ಕಿತು. 53 ಜನರ ಬ್ಯಾಂಡು ಪಯನೀರ್ ಸ್ಕ್ವೇರ್‌ನಿಂದ ಸ್ಟೇಡಿಯಂವರೆಗೆ ಮೆರವಣಿಗೆಯ ಜೊತೆ ಹೊರಟಿತು. ಮೊದಲ ಸೀಸನ್ನಿನಲ್ಲೇ ಅದು ಸಂಪ್ರದಾಯವೂ ಆಗಿಹೋಯಿತು. ನಮ್ಮಲ್ಲಿ ಇಷ್ಟು ಹೊತ್ತಿಗೆ ಸಂಪ್ರದಾಯದ ಕಮಿಟಿಗೆ ಅಧ್ಯಕ್ಷರು ಯಾರು ಅಂತಲೂ ತೀರ್ಮಾನ ಆಗಿರುತ್ತಿರಲಿಲ್ಲ.

ಸ್ಕಾರ್ಫ್ ಕಥೆ ಇನ್ನೂ ಚೆಂದ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಚಳಿಗಾಲದ ಆಟ. ಅಲ್ಲಿನವರು ಕುತ್ತಿಗೆಗೆ ಉಣ್ಣೆ ಸುತ್ತಿಕೊಂಡದ್ದು ಚಳಿಗೆ. ಅಮೆರಿಕದ ಲೀಗ್ ಹುಟ್ಟಿದಾಗಿನಿಂದ ಆಡುತ್ತಾ ಬಂದದ್ದು ಬೇಸಿಗೆಯಲ್ಲಿ. ಹಾಗಂತ ಸ್ಕಾರ್ಫ್ ಬಿಡೋಕಾಗುತ್ತಾ? ಜುಲೈ ತಿಂಗಳಲ್ಲಿ, ಹೂಸ್ಟನ್ನಿನ ಸೆಕೆಯಲ್ಲಿ, ಬೆವರು ಇಳಿಯುತ್ತಿರುವಾಗ ಅದನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆತ್ತಿ ಹಾಡುತ್ತಾರೆ. ಭಕ್ತಿ ಎಂದರೆ ಇದು.

ಲಾಸ್ ಏಂಜಲೀಸ್‌ನವರು ಸಂಖ್ಯಾಶಾಸ್ತ್ರವನ್ನೂ ಬಿಡಲಿಲ್ಲ. ಅಲ್ಲಿನ ಎಲ್‌ಎಎಫ್‌ಸಿ ತಂಡದ ಅಭಿಮಾನಿಗಳ ಒಕ್ಕೂಟದ ಹೆಸರೇ 3252. ಗೋಲಿನ ಹಿಂದಿನ ಕಡಿದಾದ ಗ್ಯಾಲರಿಯಲ್ಲಿ ಅವರಿಗಿರುವ ಜಾಗ ಅಷ್ಟು. ಮೂರು, ಎರಡು, ಐದು, ಎರಡು ಕೂಡಿಸಿ. ಹನ್ನೆರಡು ಬರುತ್ತದೆ. ಅಂದರೆ ಅಭಿಮಾನಿಯೇ ಹನ್ನೆರಡನೇ ಆಟಗಾರ! ಕಾರಿನ ನಂಬರ್ ಕೂಡಿಸಿ ನೋಡಿ ರಿಜಿಸ್ಟರ್ ಮಾಡಿಸುವ ನಮ್ಮ ಬೆಂಗಳೂರಿನ ಮಂದಿ ಇದನ್ನು ಕೇಳಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಅಟ್ಲಾಂಟಾ ರೈಲಿನಿಂದ ಬೆಳೆದ ಊರು. ಹಾಗಾಗಿ 2017ರಲ್ಲಿ ಹುಟ್ಟಿದ ಅಟ್ಲಾಂಟಾ ಯುನೈಟೆಡ್ ಪಂದ್ಯದಲ್ಲಿ ಆಟಕ್ಕೆ ಮುಂಚೆ ಒಂದು ದೊಡ್ಡ ಬಂಗಾರದ ಬಣ್ಣದ ಮೊಳೆ ಹೊಡೆಯುತ್ತಾರೆ. ಹಳಿಗೆ ಹೊಡೆಯುವ ಮೊಳೆಯ ನೆನಪು. ತಂಡಕ್ಕೆ ಅದೇ ತಾನೇ ಜನ್ಮ, ಸಂಪ್ರದಾಯಕ್ಕೆ ಆಗಲೇ ನೂರಾರು ವರ್ಷದ ಗಾಂಭೀರ್ಯ. ಆದರೂ ಒಂದು ಮಾತು ಒಪ್ಪಬೇಕು, ಅಲ್ಲಿನ ಸದ್ದು ಅಸಲಿ. 2018ರ ಫೈನಲ್‌ಗೆ 73 ಸಾವಿರ ಜನ ಬಂದಿದ್ದರು. ಅಸಲಿ ಎಂದು ಒತ್ತಿ ಹೇಳೋಕೆ ಕಾರಣ ಇದೆ. ಇದೇ ಮಾಲೀಕರ ಇನ್ನೊಂದು ತಂಡ, ಅಮೆರಿಕನ್ ಫುಟ್‌ಬಾಲ್ ಆಡುವ ಫಾಲ್ಕನ್ಸ್, 2013 ಮತ್ತು 2014ರಲ್ಲಿ ಪಂದ್ಯದ ಹೊತ್ತಿಗೆ ಜನರ ಕೂಗಾಟದ ರೆಕಾರ್ಡಿಂಗ್ ಹಾಕುತ್ತಿತ್ತು. ಸಿಕ್ಕಿಬಿದ್ದು 3,50,000 ಡಾಲರ್ ದಂಡ ಕಟ್ಟಿತು.

ಆಗ ಅದು ಅಪರಾಧ. 2020ರಲ್ಲಿ ಕೊರೊನಾ ಬಂತು, ಗ್ಯಾಲರಿ ಖಾಲಿಯಾಯಿತು, ಅದೇ ಅಪರಾಧ ಸೇವೆ ಆಯಿತು. ಇಂಗ್ಲೆಂಡಿನ ಪಂದ್ಯಗಳಿಗೆ ಟಿವಿಯವರು ವಿಡಿಯೋ ಗೇಮಿನ ಸದ್ದನ್ನು ಜೋಡಿಸಿದರು. ನಿಜವಾದ ಜನ ಕೂಗಿದ್ದನ್ನು ಗೇಮಿಗೆ ಹಾಕಿದ್ದು, ಗೇಮಿನಿಂದ ಅದು ನಿಜವಾದ ಆಟಕ್ಕೆ ವಾಪಸ್ ಬಂದದ್ದು, ಅದನ್ನು ಟಿವಿಯಲ್ಲಿ ಕೇಳಿ ಅಮೆರಿಕದ ಹುಡುಗರು ಕೂಗೋದನ್ನು ಕಲಿತದ್ದು. ಇದಕ್ಕಿಂತ ಶುದ್ಧ ಪರಂಪರೆ ಎಲ್ಲಿ ಸಿಗುತ್ತದೆ ಹೇಳಿ.

ಇನ್ನು ಕಾಪೊ. ಇವನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಭಿಮಾನಿಗಳ ಗ್ಯಾಲರಿಯ ಮುಂದೆ ಒಂದು ಚಿಕ್ಕ ಕಟ್ಟೆ ಇರುತ್ತದೆ. ಅದರ ಮೇಲೆ ಮೆಗಾಫೋನ್ ಹಿಡಿದು ನಿಲ್ಲುವವನೇ ಕಾಪೊ. ಮದುವೆ ಮನೆಯಲ್ಲಿ ಪುರೋಹಿತರು ಕೈ ಎತ್ತಿದರೆ ವಾಲಗದವರು ಗಟ್ಟಿಮೇಳ ಬಾರಿಸುತ್ತಾರಲ್ಲ, ಹಾಗೆ ಇವನು ಕೈ ಎತ್ತಿದರೆ ಸಾವಿರಾರು ಜನ ಹಾಡುತ್ತಾರೆ. ಪುರೋಹಿತರಿಗೆ ಕನಿಷ್ಠ ಮದುಮಕ್ಕಳು ಕಾಣುತ್ತಾರೆ. ಕಾಪೊಗೆ ಏನೂ ಕಾಣುವುದಿಲ್ಲ. ತೊಂಬತ್ತು ನಿಮಿಷವೂ ಅವನು ಮೈದಾನಕ್ಕೆ ಬೆನ್ನು ಹಾಕಿ ನಿಂತಿರುತ್ತಾನೆ. ಗೋಲ್ ಆದದ್ದು ಅವನಿಗೆ ಗೊತ್ತಾಗುವುದು ಎದುರಿಗಿರುವವರ ಮುಖ ನೋಡಿ. ಎದುರಾಳಿ ಗೋಲ್ ಹೊಡೆದರೂ ಹಾಗೇ. ಆಗ ಅವನು ಇನ್ನೂ ಜೋರಾಗಿ ಕೈ ಬೀಸಬೇಕು, ಯಾಕೆಂದರೆ ಸೋಲುವಾಗ ಹಾಡು ನಿಲ್ಲಬಾರದು. ಈ ಕೆಲಸಕ್ಕೆ ಪೈಪೋಟಿಯೂ ಇದೆ.

ಅಮೆರಿಕದ ರಾಷ್ಟ್ರೀಯ ತಂಡಕ್ಕೆ ಒಂದು ಮಂತ್ರ ಉಂಟು. ನಾವು ಗೆದ್ದೇ ಗೆಲ್ಲುತ್ತೇವೆ ಎಂಬ ನಂಬಿಕೆ ನನಗಿದೆ, ಇಷ್ಟೇ ಅದರ ಸಾರ. ನೌಕಾಪಡೆಯ ಹುಡುಗರು ಕಾಲೇಜು ಆಟಗಳಲ್ಲಿ ಕೂಗುತ್ತಿದ್ದದ್ದು, 2014ರ ವಿಶ್ವಕಪ್ ಹೊತ್ತಿಗೆ ದೇಶವೆಲ್ಲ ಹಬ್ಬಿತು. ಒಬ್ಬ ಮೊದಲ ಪದ ಹೇಳುತ್ತಾನೆ, ಎಲ್ಲರೂ ಹೇಳುತ್ತಾರೆ. ಅವನು ಎರಡು ಪದ ಹೇಳುತ್ತಾನೆ, ಎಲ್ಲರೂ ಎರಡು ಪದ. ಒಂದನೇ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟಂತೆ ವಾಕ್ಯ ಮುಗಿಯುವ ಹೊತ್ತಿಗೆ ಒಂದು ಕಾರ್ನರ್ ಕಿಕ್ ಆಗಿಹೋಗಿರುತ್ತದೆ. ಬ್ರೆಜಿಲ್‌ನಲ್ಲಿ ಆ ವರ್ಷ ಆಡಿದ ನಾಲ್ಕು ಪಂದ್ಯದಲ್ಲಿ ಗೆದ್ದದ್ದು ಒಂದು. 2018ರ ವಿಶ್ವಕಪ್ಪಿಗೆ ಅರ್ಹತೆಯೇ ಸಿಗಲಿಲ್ಲ. ನಂಬಿಕೆ ಮಾತ್ರ ಗಟ್ಟಿ.

ನಗೋದಕ್ಕೆ ನಮಗೂ ಅಂಥ ಹಕ್ಕೇನಿಲ್ಲ. 2016ರ ಯುರೋ ಕಪ್‌ನಲ್ಲಿ ಐಸ್‌ಲ್ಯಾಂಡಿನವರು ಕೈ ಮೇಲೆತ್ತಿ ಒಂದೊಂದೇ ಚಪ್ಪಾಳೆ ತಟ್ಟಿ ಹೂ ಎಂದದ್ದೇ ತಡ, ಅದೇ ವರ್ಷ ಮಿನೆಸೋಟಾದ ವೈಕಿಂಗ್ಸ್ ತಂಡದವರು ತಮ್ಮ ಹೊಸ ಸ್ಟೇಡಿಯಂಗೆ ಅದನ್ನು ತಂದುಕೊಂಡರು. ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರೂ ಕಂಠೀರವದಲ್ಲಿ ಅದನ್ನೇ ತಟ್ಟುತ್ತಾರೆ. ಸಂಪಂಗಿ ಕೆರೆ ಇದ್ದ ಜಾಗದಲ್ಲಿ ವೈಕಿಂಗ್ ಚಪ್ಪಾಳೆ!

ಇಷ್ಟೆಲ್ಲ ಕೂಗು ಕಲಿಸಿದ ಮೇಲೆ ಜನ ತಮಗೆ ಬೇಕಾದ್ದನ್ನೂ ಕೂಗುತ್ತಾರೆ, ಅಲ್ವಾ? ನ್ಯೂಯಾರ್ಕ್ ರೆಡ್ ಬುಲ್ಸ್ ಅಭಿಮಾನಿಗಳು ಎದುರಾಳಿ ಗೋಲ್‌ಕೀಪರ್ ಚೆಂಡು ಒದೆಯುವಾಗಲೆಲ್ಲ ಒಂದು ಬೈಗುಳ ಕೂಗುತ್ತಿದ್ದರು. ಇಲ್ಲಿ ಬರೆಯುವಂಥದ್ದಲ್ಲ. 2013ರಲ್ಲಿ ತಂಡದವರು ಒಂದು ಉಪಾಯ ಹುಡುಕಿದರು. ಬೈಯೋದು ನಿಲ್ಲಿಸಿ, ಸಂಘಕ್ಕೆ ದುಡ್ಡು ಕೊಡ್ತೀವಿ ಎಂದರು. ಕೂಗೋಕೆ ದುಡ್ಡು ಕೊಟ್ಟು ಟಿಕೆಟ್ ತಗೊಂಡವರಿಗೆ ಕೂಗದೇ ಇರೋಕೆ ದುಡ್ಡು ವಾಪಸ್. ಬಂಡವಾಳಶಾಹಿ ದೇಶ, ಏನಾದರೂ ಅನ್ನಿ, ವ್ಯವಹಾರ ಚೊಕ್ಕ.

ಪೋರ್ಟ್‌ಲ್ಯಾಂಡಿನ ಮೇಲೆ ಮಾತ್ರ ನನಗೆ ಪಕ್ಷಪಾತ. ಅದು ಮರದ ವ್ಯಾಪಾರದ ಊರು. ಅಲ್ಲಿನ ತಂಡ ಟಿಂಬರ್ಸ್ ಗೋಲ್ ಹೊಡೆದರೆ ಟಿಂಬರ್ ಜೋಯಿ ಎನ್ನುವವನು ಯಂತ್ರದ ಗರಗಸದಿಂದ ದಿಮ್ಮಿಯ ಒಂದು ಬಿಲ್ಲೆ ಕೊಯ್ಯುತ್ತಾನೆ. ಗೋಲ್ ಹೊಡೆದವನು ಅದನ್ನು ಮನೆಗೆ ಒಯ್ಯುತ್ತಾನೆ. 1970ರ ದಶಕದಲ್ಲಿ ಮರ ಕಡಿಯುವವನೊಬ್ಬ ಶುರು ಮಾಡಿದ್ದು, ಯಾವ ಮಾರ್ಕೆಟಿಂಗ್ ಆಫೀಸಿನಲ್ಲೂ ಹುಟ್ಟಿದ್ದಲ್ಲ. ಆದರೆ 2019ರಲ್ಲಿ ಅದೇ ಗ್ಯಾಲರಿಯವರು ಮೂರು ಬಾಣದ ಗುರುತಿನ ಬಾವುಟ ತಂದಾಗ ಲೀಗ್ ಬೆಚ್ಚಿಬಿತ್ತು. ಅದು ಹಿಟ್ಲರನ ವಿರುದ್ಧ ನಿಂತಿದ್ದ ಜರ್ಮನಿಯ ಐರನ್ ಫ್ರಂಟ್ ಸಂಘಟನೆಯ ಗುರುತು. ರಾಜಕೀಯ ಬೇಡ ಎಂದು ನಿಷೇಧ ಬಂತು. ಅಂದರೆ ಸ್ಟೇಡಿಯಂ ಒಳಗೆ ಗರಗಸ ಬರಬಹುದು, ಬಾವುಟ ಬರಬಾರದು.

ಆಗಸ್ಟ್ 23ಕ್ಕೆ ಸಿಯಾಟಲ್ ಮೇಲೆ ಪಂದ್ಯ. ಹುಟ್ಟಾ ವೈರಿಗಳು. ಎರಡೂ ಕಡೆಯ ಅಭಿಮಾನಿಗಳು ಸೇರಿ 33 ನಿಮಿಷ ಬಾಯಿ ಬಿಡಲಿಲ್ಲ. ಆ ಸಂಘಟನೆಯನ್ನು ನಾಜಿಗಳು ಮುಚ್ಚಿಸಿದ್ದು 1933ರಲ್ಲಿ, ಅದಕ್ಕೆ 33. ಆಟಗಾರರ ಮಾತು, ಚೆಂಡು ಒದ್ದ ಸದ್ದು ಎಲ್ಲ ಕೇಳಿಸಿತು. ಗದ್ದಲ ಪುಕ್ಕಟೆ ಸಿಗುವ ಸರಕಲ್ಲ ಎಂದು ಲೀಗಿಗೆ ಅವತ್ತು ಗೊತ್ತಾಯಿತು. ಸೆಪ್ಟೆಂಬರ್ ಮುಗಿಯುವ ಮುಂಚೆ ನಿಷೇಧ ವಾಪಸ್.

ಈಗ ಫಿಫಾದವರೂ ಅಮೆರಿಕದ ಪಾಠ ಕಲಿತಿದ್ದಾರೆ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಆಟಗಾರರನ್ನು ಒಬ್ಬೊಬ್ಬರಾಗಿ ಹೆಸರು ಕೂಗಿ ಒಳಗೆ ಬಿಟ್ಟರು, ಕುಸ್ತಿ ಅಖಾಡಕ್ಕೆ ಪೈಲ್ವಾನರು ಬರುವಂತೆ. ನ್ಯೂಜೆರ್ಸಿಯಲ್ಲಿ ನಡೆದ ಚೆಲ್ಸಿ ಮತ್ತು ಪಿಎಸ್‌ಜಿ ಫೈನಲ್‌ನಲ್ಲಿ ವಿರಾಮಕ್ಕೆ ಸಂಗೀತ ಕಾರ್ಯಕ್ರಮ ಇಟ್ಟರು. ಹದಿನೈದು ನಿಮಿಷದ ವಿರಾಮ ಅದಕ್ಕೆಲ್ಲಿ ಸಾಲಬೇಕು, ಉದ್ದವಾಯಿತು. ಹುಲ್ಲು ಹಾಳಾಗಬಾರದು ಎಂದು ಸ್ಟೇಜನ್ನು ಕಟ್ಟಿದ್ದು ಗ್ಯಾಲರಿಯ ಮೇಲೆ. ಅದರ ಕೆಳಗಿನ ಸೀಟಿನವರು ಹಾಡು ನೋಡಬೇಕಾದರೆ ಮೈದಾನಕ್ಕೆ ಬೆನ್ನು ಹಾಕಿ ನಿಲ್ಲಲೇಬೇಕು. ಒಂದೇ ಏಟಿಗೆ ಸಾವಿರಾರು ಕಾಪೊಗಳು ತಯಾರು. ಮೆಗಾಫೋನ್ ಮಾತ್ರ ಯಾರಿಗೂ ಕೊಡಲಿಲ್ಲ.