ದಡಕ್ಕೆ ಬಂದದ್ದೆಲ್ಲ ನೀಲಿ ತಿಮಿಂಗಿಲವಲ್ಲ ಮಾರಾಯ್ರೇ

ಕರಾವಳಿಯಲ್ಲಿ ದೊಡ್ಡ ತಿಮಿಂಗಿಲದ ಕಳೇಬರ ಬಂದು ಬಿದ್ದರೆ ಸಾಕು, 'ನೀಲಿ ತಿಮಿಂಗಿಲ' ಅಂತ ಸುದ್ದಿ. ಕೆಳಗೆ ಕಾಮೆಂಟಿನಲ್ಲಿ 'ತಿಮಿಂಗಿಲದ ವಾಂತಿ' ಅನ್ನುವ ಅಂಬರ್‌ಗ್ರಿಸ್‌ನ ಕೋಟಿ ಲೆಕ್ಕ. ಅಂಬರ್‌ಗ್ರಿಸ್ ಹುಟ್ಟುವುದು ಹಲ್ಲಿರುವ ಸ್ಪರ್ಮ್ ತಿಮಿಂಗಿಲದ ಕರುಳಲ್ಲಿ. ನೀಲಿಯಂತೆ ಹಲ್ಲಿನ ಬದಲು ಬಲೀನ್ ಜರಡಿ ಇರುವ ಜಾತಿಗಳಲ್ಲಿ ಹುಡುಕಿದರೆ ಕೈಗೆ ವಾಸನೆ ಮಾತ್ರ ಸಿಕ್ಕೀತು.

ನಮ್ಮ ಬೆಚ್ಚಗಿನ ಕಡಲಿನ ಬಲೀನ್ ತಿಮಿಂಗಿಲ ಅಂದರೆ ಬ್ರೂಡಸ್. ಇಂಗ್ಲಿಷ್ ಕಾಗುಣಿತ (Bryde's) ನೋಡಿ 'ಬ್ರೈಡ್ಸ್' ಅನ್ನುವವರೇ ಹೆಚ್ಚು. ದಕ್ಷಿಣ ಆಫ್ರಿಕಾದಲ್ಲಿ ತಿಮಿಂಗಿಲ ಬೇಟೆಯ ಕೇಂದ್ರ ಕಟ್ಟಿದ ನಾರ್ವೆಯ ಯೋಹಾನ್ ಬ್ರೂಡೆಯ ಹೆಸರು ಅದು. ಬೇಟೆಗೆ ಬೇಟೆಗಾರನದೇ ಹೆಸರು! ವೈಜ್ಞಾನಿಕ ಹೆಸರಿನ 'ಈಡನಿ' ಇನ್ನೂ ಹಳೆಯದು. 1871ರಲ್ಲಿ ಬರ್ಮಾದ ಕಡಲಂಚಿನ ತೊರೆಯೊಂದರಲ್ಲಿ ಸಿಕ್ಕಿಕೊಂಡ ತಿಮಿಂಗಿಲವನ್ನು ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂನ ಜಾನ್ ಆಂಡರ್ಸನ್ ವಿವರಿಸಿ, ಬರ್ಮಾದ ಆಡಳಿತಗಾರ ಆಶ್ಲಿ ಈಡನ್‌ನ ಹೆಸರನ್ನು ಅದಕ್ಕಿಟ್ಟ.

ಗುರುತಿಗೆ ತಲೆಯ ಮೇಲ್ಭಾಗ ನೋಡಿ. ಬ್ರೂಡಸ್‌ಗೆ ಮೂತಿಯಿಂದ ಉಸಿರುಗಂಡಿಯವರೆಗೆ ಮೂರು ಏಣು. ನೀಲಿ ತಿಮಿಂಗಿಲಕ್ಕೆ ನಡುವಿನದೊಂದೇ. ಬೆನ್ನಿನ ರೆಕ್ಕೆ ಕುಡುಗೋಲಿನಂತೆ ಬಾಗಿ ಎದ್ದುಕಾಣುತ್ತದೆ. ನೀಲಿಯದು ದೇಹಕ್ಕೆ ಹೋಲಿಸಿದರೆ ಮೊಳಕೆಯಷ್ಟೆ. ಉದ್ದವೊಂದನ್ನೇ ನಂಬಬೇಡಿ. ಬೆಳೆದ ಬ್ರೂಡಸ್ ಸುಮಾರು 12ರಿಂದ 15 ಮೀಟರ್, ನೀಲಿಯ ಮರಿಯೂ ಅಷ್ಟು ಉದ್ದ ಇದ್ದೀತು.

ಬೇಸಿಗೆಯಲ್ಲಿ ಧ್ರುವದತ್ತ ಹೋಗಿ ಕೊಬ್ಬು ತುಂಬಿಕೊಂಡು ಬರುವ ಅಭ್ಯಾಸ ಇದಕ್ಕಿಲ್ಲ. ವರ್ಷವಿಡೀ ಬಿಸಿನೀರಲ್ಲೇ ಸಣ್ಣ ಮೀನಿನ ಹಿಂಡುಗಳ ಹಿಂದೆ ಅಲೆಯುತ್ತದೆ. ಥಾಯ್ಲೆಂಡ್ ಕೊಲ್ಲಿಯಲ್ಲಂತೂ ಅಟ್ಟಿಸಿಕೊಂಡೂ ಹೋಗುವುದಿಲ್ಲ: ನೆಟ್ಟಗೆ ತಲೆಯೆತ್ತಿ, ಕೆಳದವಡೆಯನ್ನು ನೀರಿನ ಮಟ್ಟಕ್ಕೆ ಹಾಸಿ, ಕೆಲವು ಸೆಕೆಂಡು ಹಾಗೇ ನಿಲ್ಲುತ್ತದೆ. ಆಂಚೊವಿ ಮೀನುಗಳು ನೀರಿನೊಂದಿಗೆ ತಾವಾಗಿ ಬಾಯೊಳಗೆ ಜಾರುತ್ತವೆ. ಆಮೇಲೆ ಬಾಯಿ ಮುಚ್ಚಿ, ನೀರನ್ನು ಬಲೀನ್ ಸಂದಿಯಿಂದ ಹೊರಗೆ ಒತ್ತಿದರಾಯಿತು. ಕೆಳನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಮೇಲೆ ಸೇರುವುದರಿಂದ ಈ ಸೋಮಾರಿ ಉಪಾಯ ಹುಟ್ಟಿರಬಹುದು ಎಂದು ಸಂಶೋಧಕರ ತರ್ಕ.

ಮೇಲ್ನೀರಿನ ಈ ವಾಸವೇ ಅದಕ್ಕೆ ಕುತ್ತು. ನ್ಯೂಜಿಲೆಂಡಿನ ಹೌರಾಕಿ ಕೊಲ್ಲಿಯಲ್ಲಿ ಹಡಗು ಬಡಿದೇ ಹಲವು ಸತ್ತವು. 2013ರಿಂದ ಅಲ್ಲಿ ಹಡಗುಗಳು ಒಪ್ಪಂದದ ಮೇಲೆ ಸುಮಾರು 10 ನಾಟ್‌ಗೆ (ಗಂಟೆಗೆ 18.5 ಕಿ.ಮೀ.) ವೇಗ ಇಳಿಸಿವೆ. ಬಡಿತಕ್ಕೆ ಬೆನ್ನುಮೂಳೆ ಮುರಿದರೂ ಹೊರಗೆ ಗಾಯ ಕಾಣಬೇಕೆಂದಿಲ್ಲ. ಹಾಗಾಗಿ 'ವಯಸ್ಸಾಗಿ ಸತ್ತಿರಬೇಕು' ಅಂತ ಅಲ್ಲೇ ತೀರ್ಪು ಕೊಡಬೇಡಿ.

ಕಳೇಬರ ಕಂಡರೆ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ. ತಿಮಿಂಗಿಲ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ ಪ್ರಾಣಿ, ತುಂಡೂ ಒಯ್ಯುವಂತಿಲ್ಲ. ಹೊಟ್ಟೆ ಗಾಳಿ ತುಂಬಿ ಉಬ್ಬಿರುತ್ತದೆ, ಒಡೆಯಬಹುದು, ದೂರ ನಿಲ್ಲಿ. ದೂರದಿಂದಲೇ ತಲೆ, ಬೆನ್ನಿನ ರೆಕ್ಕೆ, ಗಂಟಲಿನ ಗೀರುಗಳ ಫೋಟೋ ತೆಗೆಯಿರಿ. ಚರ್ಮ ಸುಲಿದ ಮೇಲೆ ಏಣು ಕಾಣುವುದಿಲ್ಲ. ಆಗ ಬಾಯಿಯತ್ತ ಜೂಮ್ ಮಾಡಿ: ನೀಲಿಯ ಬಲೀನ್ ಕಡುಕಪ್ಪು, ಬ್ರೂಡಸ್‌ದು ಸ್ಲೇಟಿನ ಬೂದು, ಅಂಚಿಗೆ ಒರಟು ಕೂದಲು.